ಕಾಯಿ ಕಾದವರು

ಟೊಮೆಟೊ ವ್ಯಾಪಾರಿಗೆ ಪೇಟೆ ಇಟ್ಟ ಹೆಸರು ಅನುಮಾನಣ್ಣ. ಕೈಯಂದಾಜನ್ನು ನಂಬದೆ ತಕ್ಕಡಿಗೆ ಹಾಕಿ, ತಕ್ಕಡಿಯನ್ನೂ ನಂಬದೆ ಮತ್ತೆ ಕೈಯಲ್ಲಿ ತೂಗಿ ನೋಡುವ ಜೀವ. ತೋಟದಿಂದ ಬಲಿತ ಹಸಿರು ಕಾಯಿ ತಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಕ್ರೇಟುಗಳಲ್ಲಿ ಹರಡಿ, ಆರನೆಯ ದಿನ ಹಣ್ಣಾದ ಮೇಲೆ ಆಸ್ಪತ್ರೆಯ ಅಡುಗೆಮನೆಗೆ ಕೊಡುತ್ತಿದ್ದರು. ಬೇಗ ಮಾಗಿಸುವ ಪುಡಿ ಹಾಕುವುದಿಲ್ಲ ಎಂಬ ಒಂದು ಮಾತಿನ ಮೇಲೆ ಇಡೀ ವ್ಯಾಪಾರ ನಿಂತಿತ್ತು.

ಪಕ್ಕದ ಬೀದಿಯಲ್ಲಿ ಯಾರೋ ಪುಡಿ ಹಾಕಿ ಸಿಕ್ಕಿಬಿದ್ದರೆಂಬ ಸುದ್ದಿ ಬಂತು. ಅಂದಿನಿಂದ ಇವರು ತಮ್ಮ ಕಾಯಿಗಳನ್ನೇ ವಿಚಾರಣೆಗೆ ಎಳೆದರು. ದಿನಕ್ಕೆ ನಾಲ್ಕು ಸಲ ಕೋಣೆ ಹೊಕ್ಕು, ಒಂದೊಂದು ಕ್ರೇಟಿನಿಂದ ಹತ್ತಾರು ಎತ್ತಿ, ಉಗುರೂರಿ, ಮೂಸಿ, ನಿಟ್ಟುಸಿರುಬಿಟ್ಟು ಇಡುವರು. ಕಾಯಿ ಕಾದು ಕಾದು ಮೊದಲು ಹಣ್ಣಾದದ್ದು ಇವರೇ. ಅದರ ಹಿಂದೆಯೇ, ಮೂರೇ ದಿನಕ್ಕೆ, ಕಾಯಿಗಳೂ ಕೆಂಪಾದವು. ಪುಡಿಗಿಡಿ ಏನಾದರೂ ಬಿತ್ತೇ ಎಂದು ಆಸ್ಪತ್ರೆಯ ಬಾಣಸಿಗ ನಗುತ್ತಲೇ ಕೇಳಿದ. ಆ ನಗು ಇವರಿಗೆ ಚುಚ್ಚಿತು.

ಕೋಣೆಗೆ ಎರಡೇ ಬೀಗದಕೈ. ಒಂದು ಇವರದು, ಇನ್ನೊಂದು ಹೆಂಡತಿಯ ತಮ್ಮನದು. ಹನ್ನೆರಡು ವರ್ಷ ಜೊತೆಗೆ ದುಡಿದ ಭಾಮೈದನ ಮುಂದೆ ಇವರು ಸುಮ್ಮನೆ ಅಂಗೈ ಚಾಚಿದರು. ಅವನು ಬೀಗದಕೈ ಅದರಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟ. ಮರುದಿನದಿಂದ ಬೆಲ್ಲದ ಮಂಡಿಯಲ್ಲಿ ಮೂಟೆ ಹೊತ್ತ.

ಅವನು ಹೋದ ಮೇಲೂ ಕಾಯಿ ಮೂರೇ ದಿನಕ್ಕೆ ಕೆಂಪಾಯಿತು. ನಕಲಿ ಬೀಗದಕೈ ಮಾಡಿಸಿದ್ದಾನೆ ಎಂದರು ಇವರು. ಹೆಂಡತಿ ಜಗಳವಾಡಲಿಲ್ಲ. ಹೊಸ ಸರಕಿನಿಂದ ಒಂದು ಕ್ರೇಟನ್ನು ತನ್ನ ಮಲಗುವ ಕೋಣೆಗೆ ಒಯ್ದಳು. ಇದನ್ನು ಮುಟ್ಟಿದರೆ ನೋಡಿ ಎಂದಷ್ಟೇ ಹೇಳಿದಳು.

ಮೂರನೆಯ ದಿನ ಅಂಗಡಿಯ ಕೋಣೆಯದೆಲ್ಲ ಕೆಂಪು, ಅವಳದು ಹಸಿರು. ಮಾಗದಿರಲೆಂದು ಅವಳು ತಣ್ಣೀರು ಚಿಮುಕಿಸಿರಬೇಕೆಂದು ಇವರಿಗೆ ಗುಮಾನಿ. ಅವಳು ಎರಡೂ ಕೋಣೆಯ ಒಂದೊಂದು ಕ್ರೇಟು ಜೋಡಿಸಿಟ್ಟು, ಕೆಂಪು ಹಣ್ಣೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸಿಪ್ಪೆಯ ಮೇಲೆ ಅರ್ಧಚಂದ್ರದಂಥ ಗಾಯಗಳು.

"ಇದು ಯಾರ ಉಗುರು, ರೀ? ನನ್ನ ತಮ್ಮ ಉಗುರು ಕಡಿಯೋನು. ಅವನ ಬೆರಳಲ್ಲಿ ಗೀಚೋಕೆ ಏನಿದೆ?"

ಆಮೇಲೆ ಕಾಯಿ ಕೊಡುವ ತೋಟದಾಕೆಯಿಂದ ಕೇಳಿದ್ದನ್ನು ಹೇಳಿದಳು: ಹಕ್ಕಿ ಕುಕ್ಕಿದ ಕಾಯಿ ಬೇಗ ಕೆಂಪಾಗುತ್ತದೆ, ಬುಟ್ಟಿಯಲ್ಲಿಟ್ಟರೆ ಮಗ್ಗುಲಿನವನ್ನೂ ಅವಸರಪಡಿಸುತ್ತದೆ.

"ಪುಡಿ ಹಾಕಿದೋರು ಯಾರೂ ಇಲ್ಲ. ಕುಕ್ಕಿದೋರು ನೀವು."

ಇವರು ತಮ್ಮ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿದರು, ಅದೂ ಭಾಮೈದನ ಕಡೆಯದೋ ಎಂಬಂತೆ.

ಸಂಜೆ ಮಂಡಿಗೆ ಹೋದರು. ಭಾಮೈದ ಮೂಟೆ ಇಳಿಸಿ ಬೆನ್ನು ನೆಟ್ಟಗೆ ಮಾಡುವವರೆಗೆ ಕಾದು, ತಪ್ಪಾಯಿತು ಎಂಬರ್ಥದ ಏನನ್ನೋ ಗೊಣಗಿ, ಅವನ ಬೀಗದಕೈ ಮುಂದೆ ಹಿಡಿದರು. ಅವನು ತೆಗೆದುಕೊಳ್ಳಲಿಲ್ಲ.

"ಎರಡೂ ಕೊಡಿ, ಭಾವ. ಆರನೇ ದಿನ ನಾನೇ ಕರೀತೀನಿ. ಅಲ್ಲೀವರೆಗೆ ಒಳಗೆ ಬರಬೇಡಿ."

ಸೊಂಟದ ದಾರದಿಂದ ತಮ್ಮದನ್ನು ಬಿಚ್ಚಲು ಇವರಿಗೆ ಬಹಳ ಹೊತ್ತು ಹಿಡಿಯಿತು. ಆದರೂ ಬಿಚ್ಚಿದರು.

ಈಗ ಪ್ರತಿ ಸರಕಿನ ಮೂರನೆಯ ದಿನ ಮುಚ್ಚಿದ ಬಾಗಿಲಿನ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಕೆಂಪಾಯಿತೇ ಎಂದು ಕೇಳುತ್ತಾರೆ. ಇಲ್ಲ ಭಾವ ಎಂದು ಒಳಗಿನಿಂದ ಉತ್ತರ ಬರುತ್ತದೆ. ನಂಬುತ್ತಾರೆ. ಅರ್ಧ ಗಂಟೆಯ ಮಟ್ಟಿಗೆ.