ಅವ್ವನಿಗಾಗಿ ಹಿಡಿದ ಸೀಟು

ಮೊಬೈಲ್ ಇದ್ದವರನ್ನು ಜನ ತಿರುಗಿ ನೋಡುತ್ತಿದ್ದ ವರ್ಷಗಳವು. ನಾನು ಔರಾದದ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಯ ಶಿಕ್ಷಕಿಯಾಗಿದ್ದೆ. ಹುಟ್ಟಿದ್ದು ಭಾಲ್ಕಿಯಲ್ಲಿ, ಓದಿದ್ದು ಬೀದರಿನ ಕಾನ್ವೆಂಟಿನಲ್ಲಿ, ಮದುವೆಯಾಗಿ ನೆಲೆಸಿದ್ದೂ ಬೀದರಿನಲ್ಲೇ. ಇಬ್ಬರು ಮಕ್ಕಳು ಶಾಲೆ ಸೇರುವವರೆಗೆ ಮನೆ ನೋಡಿಕೊಂಡಿದ್ದವಳಿಗೆ ಕೆಲಸ ಸಿಕ್ಕಾಗ, ಅದರ ಜೊತೆಗೆ ದಿನನಿತ್ಯದ ಬಸ್ಸೂ ಸಿಕ್ಕಿತು. ಔರಾದಕ್ಕೆ ರೈಲಿಲ್ಲ.

ಬಸ್ಸಿನಲ್ಲಿ ಸೀಟು ಹಿಡಿಯುವ ನಮ್ಮ ಕಡೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಬಸ್ಸು ನಿಲ್ದಾಣದೊಳಗೆ ತಿರುಗುತ್ತಿದ್ದಂತೆಯೇ ಜನ ಕಿಟಕಿಯಿಂದ ಟವೆಲ್ಲು, ಚೀಲ, ಛತ್ರಿ ಒಳಗೆ ಹಾಕುತ್ತಾರೆ. ವಸ್ತು ಬಿದ್ದ ಜಾಗ ಅವರದ್ದು. ಟವೆಲ್ಲನ್ನಾದರೆ ಯಾರಾದರೂ ಸರಿಸಿಯಾರು. ಕೂಸನ್ನು ಕೂರಿಸಿಬಿಟ್ಟರೆ ಯಾರೂ ಮುಟ್ಟುವುದಿಲ್ಲ.

ಅಂದು ಸಂತೆಯ ದಿನ. ಸಂಜೆ ಬೀದರಿನ ಬಸ್ಸು ಹತ್ತಿ ಮೂವರು ಕೂರುವ ಸೀಟಿನ ತುದಿಯಲ್ಲಿ ಕುಳಿತಿದ್ದೆ. ಕಿಟಕಿಯಿಂದ ಹಸಿರು ಬಳೆಯ ಎರಡು ಕೈಗಳು ಸುಮಾರು ಆರು ವರ್ಷದ ಹುಡುಗಿಯೊಬ್ಬಳನ್ನು ಒಳಗಿಳಿಸಿದವು. ಹೊರಗಿನಿಂದ ಹೆಣ್ಣುದನಿ ಕೇಳಿತು: “ಇಲ್ಲೇ ಕೂಡು. ನಾ ಬರೋತನಕ ಏಳಬ್ಯಾಡ, ಜಾಗ ಯಾರಿಗೂ ಕೊಡಬ್ಯಾಡ.”

ಹುಡುಗಿ ಕಿಟಕಿಯ ಪಕ್ಕ ಕುಳಿತು, ನಮ್ಮಿಬ್ಬರ ನಡುವಿನ ಖಾಲಿ ಜಾಗದ ಮೇಲೆ ಅಂಗೈ ಅಗಲಿಸಿ ಇಟ್ಟಳು. ಕಾನ್ವೆಂಟಿನ ಸಿಸ್ಟರುಗಳು ದಿನವೂ ನಮ್ಮ ಉಗುರು, ರಿಬ್ಬನ್ನು, ಬೂಟು ನೋಡುತ್ತಿದ್ದರು. ಆ ಚಾಳಿ ನನಗೂ ಅಂಟಿತ್ತು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕೆಂಪು ರಿಬ್ಬನ್ನು. ಕಾಲಲ್ಲಿ ಮಾತ್ರ ಒಂದೇ ಚಪ್ಪಲಿ.

ಬಸ್ಸು ತುಂಬಿ ಹೊರಟಿತು. ಅವಳ ತಾಯಿ ಹಿಂದೆಲ್ಲೋ ನಿಂತಿರಬೇಕು ಎಂದು ನಾನು ತಿಳಿದೆ. ಮಿಕ್ಕವರು ನನ್ನನ್ನೇ ತಾಯಿ ಎಂದು ತಿಳಿದರು. ಊರು ದಾಟಿದ ಮೇಲೆ ಕಂಡಕ್ಟರ್ ಜನರ ನಡುವೆ ತೂರಿಕೊಂಡು ಬಂದ.

“ಟೀಚರ್‌ರಿ, ನಿಮ್ದು ಪಾಸ್ ಅದ. ಮಗಳಿಗಿ ಅರ್ಧ ಟಿಕೆಟ್ ಆಗ್ತದರಿ.”

“ನನ್ನ ಮಗಳಲ್ಲಪ್ಪ. ಇಕಿ ಅವ್ವ ಹಿಂದ ಇರಬೇಕು, ಕೇಳು.”

ಅವನು ಕೂಗಿ ಕೇಳಿದ. ಯಾರೂ ‘ಹ್ಞೂಂ’ ಅನ್ನಲಿಲ್ಲ. ಎರಡನೆಯ ಸಲ ಕೂಗಿದಾಗ ಎಲ್ಲರೂ ತಿರುಗಿ ಹುಡುಗಿಯನ್ನು ನೋಡಿದರು. ತಾಯಿ ಔರಾದದಲ್ಲೇ ಉಳಿದಿದ್ದಳು.

“ಎಲ್ಲಿಗಿ ಹೊಂಟೀರಿ ಕೂಸೆ?” ಎಂದೆ.

“ಮಾಮಾನ ಮನಿಗಿ.”

“ಮಾಮಾ ಎಲ್ಲಿರ್ತಾನ?”

“ಮನ್ಯಾಗ.”

ಭಾಲ್ಕಿಯ ದಾರಿ ಕವಲೊಡೆಯುವ ಸಂತಪೂರದಲ್ಲಿ ಬಸ್ಸು ನಿಂತಾಗ ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಬೀದರಿಗೆ ಒಯ್ದು ನಿಲ್ದಾಣದ ಆಫೀಸಿನಲ್ಲಿ ಒಪ್ಪಿಸೋಣ ಎಂದ ಕಂಡಕ್ಟರ್. ಮಾಮಾ ಭಾಲ್ಕಿಯವನಾಗಿದ್ದರೆ ತಾಯಿ ಆ ಕಡೆಗೇ ಹುಡುಕುತ್ತ ಹೋದಾಳು ಎಂದರು ಇನ್ನೊಬ್ಬರು. ನಾನು ಬೇರೆ ಲೆಕ್ಕ ಹಾಕಿದೆ. ಒಂದೊಂದು ಮೈಲಿ ಮುಂದೆ ಹೋದಂತೆ ತಾಯಿಗೆ ಮಗು ಅಷ್ಟು ದೂರವಾಗುತ್ತದೆ. ಹುಡುಗಿಯನ್ನು ಇಳಿಸಿಕೊಂಡು ನಾನು ಇಲ್ಲೇ ಕಾಯುವುದು, ತಾಯಿ ಬೆನ್ನು ಹತ್ತಿದ್ದರೆ ಇದೇ ದಾರಿಯಲ್ಲಿ ಬರಲೇಬೇಕು ಎಂದು ತೀರ್ಮಾನಿಸಿ ಎದ್ದೆ.

ಹುಡುಗಿ ಏಳಲಿಲ್ಲ. ಒಂದು ಕೈಯಿಂದ ಕಿಟಕಿಯ ಕೆಳಗಿನ ಸರಳು ಹಿಡಿದಳು, ಇನ್ನೊಂದು ಕೈ ಸೀಟಿನ ಮೇಲೇ ಇತ್ತು.

“ನಾ ಏಳಂಗಿಲ್ಲ. ಅವ್ವ ಏಳಬ್ಯಾಡ ಅಂದಾಳ.”

“ನಾ ಟೀಚರ್ ಇದ್ದೀನಿ. ಟೀಚರ್ ಹೇಳಿದ್ದು ಕೇಳಬೇಕಿಲ್ಲೋ?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀ ನಮ್ಮ ಸಾಲಿ ಟೀಚರ್ ಅಲ್ಲ.”

ಬಸ್ಸಿಗೆ ಬಸ್ಸೇ ನಕ್ಕಿತು. ಮುಂದಿನ ಸೀಟಿನಲ್ಲಿದ್ದ ರುಮಾಲು ಸುತ್ತಿದ ಮುಪ್ಪಿನ ಮುತ್ಯಾ ಹಿಂದೆ ತಿರುಗಿ, “ಈ ಹುಡುಗಿನ್ನ ನಮ್ಮ ಹೊಲದ ಬದುವಿನ ಮ್ಯಾಲ ಕೂಡಿಸಬೇಕಿತ್ತು ನೋಡ್ರಿ. ಬಾಜೂ ಹೊಲದವ ಒಂದು ಗೇಣೂ ಒತ್ತತಿದ್ದಿಲ್ಲ,” ಎಂದ.

ಎತ್ತಿಕೊಂಡು ಇಳಿಸಬಹುದಿತ್ತು, ಹಿಡಿಯಷ್ಟು ಹುಡುಗಿ. ಆದರೆ ಸರಳು ಹಿಡಿದ ಬೆರಳುಗಳು ಬಿಳುಪೇರಿದ್ದವು. ಅವಳಿಗೆ ಅಳು ಬಂದಿತ್ತು. ಅವ್ವ ಒಪ್ಪಿಸಿದ ಕೆಲಸವೊಂದೇ ಅದನ್ನು ತಡೆದು ನಿಲ್ಲಿಸಿತ್ತು. ಆ ಕೆಲಸವನ್ನೂ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮತ್ತೆ ನನ್ನ ತುದಿಯಲ್ಲೇ ಕುಳಿತು ಕಂಡಕ್ಟರ್‌ಗೆ ಹೇಳಿದೆ: “ಇಕಿ ಏಳಂಗಿಲ್ಲಪ್ಪ. ಬಸ್ಸೇ ನಿಂದ್ರಲಿ.”

“ಲೇಟ್ ಆಗ್ತದರಿ ಮೇಡಂ, ನಾ ಏನಂತ ಬರೀಲಿ?”

“ಒಬ್ಬ ಪ್ಯಾಸೆಂಜರ್ ಇಳಿಲಿಲ್ಲ ಅಂತ ಬರಿಯೋ,” ಎಂದ ಮುತ್ಯಾ.

ಅಷ್ಟರಲ್ಲಿ ಡ್ರೈವರ್ ಎಂಜಿನ್ ಬಂದ್ ಮಾಡಿ ಚಹಾಕ್ಕೆ ಇಳಿದುಬಿಟ್ಟಿದ್ದ. ಅರ್ಧ ಬಸ್ಸು ಅವನ ಹಿಂದೆ ಹೋಯಿತು. ಯಾರೋ ಹುಡುಗಿಗೆ ಬಿಸ್ಕಿಟ್ ಪುಡಿಕೆ ತಂದರು. ಸರಳು ಹಿಡಿದ ಕೈ ಬಿಟ್ಟು ತಿಂದಳು; ಸೀಟಿನ ಮೇಲಿನ ಕೈ ಎತ್ತಲಿಲ್ಲ. ಮೊಣಕಾಲು ನೋವಿನ ಅಜ್ಜಿಯೊಬ್ಬಳಿಗೆ ನಾನು ನನ್ನ ಸೀಟು ಬಿಟ್ಟುಕೊಟ್ಟು ನಿಂತೆ. ಅಷ್ಟೊಂದು ಜನ ನಿಂತಿದ್ದರೂ ಆ ಖಾಲಿ ಜಾಗದಲ್ಲಿ ಯಾರೂ ಕೂರಲಿಲ್ಲ.

ಬೆಳಕು ಕೆಂಪಾಗುವ ಹೊತ್ತಿಗೆ ಔರಾದದ ಕಡೆಯಿಂದ ಟಂಟಂ ಆಟೋವೊಂದು ಧೂಳೆಬ್ಬಿಸುತ್ತ ಬಂತು. ನಿಲ್ಲುವ ಮೊದಲೇ ಹೆಂಗಸೊಬ್ಬಳು ಇಳಿದಳು. ಕಂಕುಳಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಹಸಿರು ಬಳೆ, ಅದೇ ಕೈಯಲ್ಲಿ ಒಂದು ಪುಟ್ಟ ಚಪ್ಪಲಿ. ನಿಲ್ದಾಣದ ಮರದ ಕೆಳಗೆ ಬಿಟ್ಟಿದ್ದ ಗಂಟು ತರಲು ಹೋದಾಗ ಬಸ್ಸು ಹೊರಟಿತ್ತಂತೆ. ಬಂದು ನೋಡಿದರೆ ನೆಲದ ಮೇಲೆ ಚಪ್ಪಲಿಯಷ್ಟೇ ಇತ್ತಂತೆ.

ಜನ ದಾರಿ ಬಿಟ್ಟರು. ಅವಳು ಹತ್ತಿ ಸೀಟಿನ ಬಳಿ ಬಂದಳು. ಮಗಳೇ ಮೊದಲು ಮಾತಾಡಿದಳು:

“ಅವ್ವಾ, ಲಗೂ ಕೂಡು. ಆಗಿಂದ ಎಲ್ಲರೂ ಏಳು ಏಳು ಅನ್ನಲತ್ಯಾರ.”

ಹುಡುಗಿ ಕೈ ಎತ್ತಿದ ಮೇಲೆ ತಾಯಿ ಆ ಜಾಗದಲ್ಲಿ ಕುಳಿತಳು. ಆಗ ಹುಡುಗಿ ಅವಳ ಮಡಿಲಲ್ಲಿ ಮುಖ ಹುದುಗಿಸಿ, ಅಲ್ಲಿಯವರೆಗೆ ತಡೆದಿದ್ದನ್ನೆಲ್ಲ ಅತ್ತಳು. ತಾಯಿ ಕೂರುವ ಮುನ್ನ ರೆಕ್ಸಿನ್ ಸೀಟಿನ ಮೇಲೆ ಬೆವರಿನ ಪುಟ್ಟ ಅಂಗೈ ಗುರುತನ್ನು ನಾನು ನೋಡಿದ್ದೆ.

“ಒಂದು ಪೂರಾ, ಒಂದು ಅರ್ಧ,” ಎಂದು ಕಂಡಕ್ಟರ್ ಟಿಕೆಟ್ ಹರಿದ. “ತಾಯಿ, ಇನ್ನ ಮ್ಯಾಲ ಟವೆಲ್ ಹಾಕವಾ.”

ಮರುದಿನ ಶಾಲೆಯಲ್ಲಿ ಹೆಡ್‌ಮೇಡಂ ಕರೆದಾಗ, ರೂಢಿಯಂತೆ ಮಕ್ಕಳಿಗೆ “ಯಾರೂ ಅಲುಗಾಡಬ್ಯಾಡ್ರಿ” ಎಂದು ಹೊರಟವಳು ಬಾಗಿಲಲ್ಲಿ ನಿಂತೆ. ತಿರುಗಿ, “ಗಂಟಿ ಹೊಡಿಯೋದ್ರೊಳಗ ಬರ್ತೀನಿ,” ಎಂದು ಸೇರಿಸಿದೆ. ನಿವೃತ್ತಿಯವರೆಗೂ ಆ ಮಾತು ಬಿಡಲಿಲ್ಲ. ಈಗ ವಾರಕ್ಕೊಮ್ಮೆ ಬೀದರಿನ ಆಸ್ಪತ್ರೆಯೊಂದರಲ್ಲಿ ಯಾರೂ ಜೊತೆಗಿಲ್ಲದ ರೋಗಿಗಳ ಬಳಿ ಕೂರುತ್ತೇನೆ. ಏಳುವಾಗ “ಮತ್ತೆ ಬರ್ತೀನಿ” ಎಂದಷ್ಟೇ ಹೇಳುವುದಿಲ್ಲ. ಯಾವ ದಿನ, ಊಟಕ್ಕೆ ಮೊದಲೋ ಆಮೇಲೋ, ಅದನ್ನೂ ಹೇಳುತ್ತೇನೆ. ಹೇಳಿದ ದಿನ ಹೋದಾಗ ಅವರು ಮಂಚದ ತುದಿಯ ಸ್ಟೂಲಿನ ಮೇಲೆ ಟವೆಲ್ ಹಾಕಿ ಇಟ್ಟಿರುತ್ತಾರೆ.