ಹಸಿರು ಮುಖಕ್ಕೆ ಚಪ್ಪಾಳೆ

ಭುವನೇಶ್ವರಿ ಟೀಚರ್ ಬಂದರೆಂದರೆ ಜೇವರ್ಗಿ ತಾಲ್ಲೂಕಿನ ಮುಖ್ಯಗುರುಗಳಿಗೆ ತಮ್ಮ ಬೇರೆ ಕೆಲಸಗಳೆಲ್ಲ ಒಮ್ಮೆಲೇ ನೆನಪಾಗುತ್ತವೆ. ಅಂಗವಿಕಲ ಮಕ್ಕಳನ್ನೂ ಉಳಿದವರ ಜೊತೆಗೇ ಕೂಡಿಸಿ ಕಲಿಸಿರೆಂದು ಊರೂರು ತಿರುಗುವ ಸಂಪನ್ಮೂಲ ಶಿಕ್ಷಕಿ ಆಕೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದವಳಿಗೆ ನೀರು ಕೊಟ್ಟು, "ಈ ಸಲ ಏನ್ ಹೊಸಾದ್ ತಂದೀರಿ ಮೇಡಂ" ಎಂದು ನಗುವವರೇ ಹೆಚ್ಚು. ಆಕೆಯೂ ಸುಲಭಕ್ಕೆ ಬಿಡುವ ಪೈಕಿಯಲ್ಲ.

ಈ ಸಲ ತಂದದ್ದು ತನ್ನದೇ ಹಳೆಯ ಮೊಬೈಲು, ಆರನೆಯ ತರಗತಿಯ ಗುಲಫಶಾಳಿಗಾಗಿ. ಗುಲಫಶಾಳ ಬುದ್ಧಿ ವಯಸ್ಸಿಗಿಂತ ಹಿಂದೆ, ಕಾಲು ಮಾತ್ರ ಎಲ್ಲರಿಗಿಂತ ಮುಂದೆ. ಪಾಠದ ನಡುವೆ ಎದ್ದು ಹೋಗುತ್ತಾಳೆ, ಪಕ್ಕದವರ ಪೆನ್ನು ಕಸಿಯುತ್ತಾಳೆ, ಕಿಟಕಿ ಹತ್ತುತ್ತಾಳೆ. ಮುಖ್ಯಗುರು ಅಣ್ಣಾರಾಯರಿಗೆ ಸಾಕಾಗಿಹೋಗಿತ್ತು. "ದಸರಾ ಸೂಟಿತನಕ ನೋಡ್ತೇನ್ರಿ. ಆಮ್ಯಾಲ ಈಕಿ ಮನ್ಯಾಗೇ ಕಲೀಲಿ" ಎಂದಿದ್ದರು. ಮನೆಯಲ್ಲಿ ಕಲಿಯುವುದೆಂದರೆ ಏನೆಂದು ಭುವನೇಶ್ವರಿಗೆ ಚೆನ್ನಾಗಿ ಗೊತ್ತಿತ್ತು. ವಾರಕ್ಕೊಮ್ಮೆ ತಾನು ಬಂದು ಹೋಗುವುದು, ಉಳಿದ ದಿನವೆಲ್ಲ ಬಾಗಿಲಿಗೆ ಹೊರಗಿನಿಂದ ಚಿಲಕ. ತಾಯಿ ಶಮ್ಸುನ್ನಿಸಾ ಬೇಳೆ ಮಿಲ್ಲಿನ ಕೆಲಸಕ್ಕೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ.

ಮೊಬೈಲಿನ ಕೆಲಸ ಸರಳ. ಆಗಾಗ ಅದು ನಡುಗುತ್ತದೆ. ಆಗ ಗುಲಫಶಾ "ನಾ ಈಗ ಓದಾಕತ್ತೇನೇನು?" ಎಂದು ತನ್ನನ್ನೇ ಕೇಳಿಕೊಂಡು, ಹೌದಾದರೆ ಪರದೆಯ ಮೇಲಿನ ಹಸಿರು ಮುಖ, ಇಲ್ಲವಾದರೆ ಕೆಂಪು ಮುಖ ಒತ್ತಬೇಕು. ಬೈಯಲು ಯಾರೂ ಬೇಡ, ತನ್ನನ್ನು ತಾನೇ ನೋಡಿಕೊಂಡರಾಯಿತು. ಶಮ್ಸುನ್ನಿಸಾ ತಾಯತದ ಚೀಲದ ಹಾಗೆಯೇ ಒಂದು ದೊಡ್ಡ ಚೀಲ ಹೊಲಿದು, ಮೊಬೈಲನ್ನು ಮಗಳ ಕೊರಳಿಗೆ ಹಾಕಿದಳು.

ಮೊದಮೊದಲು ಬರೀ ಕೆಂಪು. ಹುಡುಗಿ ಕಿಟಕಿಯಲ್ಲಿ ಕೂತೇ ಕೆಂಪು ಒತ್ತಿ, ಒತ್ತಿದ ಮೇಲೆ ಕೆಳಗಿಳಿದು ಬರುತ್ತಿದ್ದಳು. ಆ ಇಳಿದು ಬರುವುದಿತ್ತಲ್ಲ, ಭುವನೇಶ್ವರಿಗೆ ಬೇಕಾದದ್ದು ಅದೇ. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು, ಆದರೆ ಹುರುಪು ಕೇಳಬೇಕಲ್ಲ. ಹಸಿರು ಹೆಚ್ಚಾದ ದಿನದ ಮರುಬೆಳಿಗ್ಗೆ ಪ್ರಾರ್ಥನೆಯಲ್ಲಿ ಆ ಹುಡುಗಿಯನ್ನು ಮುಂದೆ ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿರೆಂದು ಹೇಳಿ ಬಂದಳು. ನಮ್ಮ ಶಾಲೆಗಳಲ್ಲಿ ಪ್ರಾರ್ಥನೆಯ ಚಪ್ಪಾಳೆ ಸಿಗದ ಒಳ್ಳೆಯದು ಒಳ್ಳೆಯದೇ ಅಲ್ಲ. ಹುಟ್ಟಿದಾಗಿನಿಂದ ಬೈಗುಳವನ್ನೇ ಉಂಡ ಗುಲಫಶಾ ಆ ಸದ್ದಿಗೆ ನಿಂತಲ್ಲೇ ಕುಣಿದಳು. ಅಲ್ಲಿಂದ ದಿನವೂ ಹಸಿರೇ ಹಸಿರು. ತನ್ನ ಮೊಬೈಲಿಗೂ ಬರುತ್ತಿದ್ದ ಆ ಹಸಿರನ್ನು ಭುವನೇಶ್ವರಿ ಬಸ್ಸಿನಲ್ಲಿ ಕೂತು ನೋಡಿ ಒಬ್ಬಳೇ ನಗುತ್ತಿದ್ದಳು.

ಸೂಟಿಯ ಹಿಂದಿನ ದಿನ ಅಣ್ಣಾರಾಯರು ಆಕೆಯನ್ನು ಕರೆದೊಯ್ದು ತರಗತಿಯ ಬಾಗಿಲಲ್ಲಿ ನಿಲ್ಲಿಸಿದರು. ಗುಲಫಶಾ ಕಿಟಕಿಯ ಮೇಲಿದ್ದಳು. ಕೊರಳ ಚೀಲ ನಡುಗಿತು. ಅವಳು ಮೊಬೈಲ್ ತೆಗೆದು, ಹಸಿರು ಒತ್ತಿ, ಮತ್ತೆ ಹೊರಗಿನ ಆಡುಗಳನ್ನು ನೋಡುತ್ತ ಕೂತಳು.

"ಮೊದಲ ಈಕಿಗಿ ಒಂದ್ ಕಡಿ ಕುಂದ್ರಾಕಷ್ಟೇ ಬರ್ತಿರ್ಲಿಲ್ರಿ ಮೇಡಂ." ಅಣ್ಣಾರಾಯರ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಸುಳ್ಳೂ ಬರ್ತದ."

ಭುವನೇಶ್ವರಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಕಿಟಕಿಯ ಬಳಿ ಹೋಗಿ ಮೆಲ್ಲಗೆ ಕೇಳಿದಳು. "ಖರೇ ಹೇಳವ್ವ, ಈಗ ಓದಾಕತ್ತೀಯೇನು?"

ಗುಲಫಶಾ ಯೋಚಿಸಿದಳು. ಕೆಂಪು ಒತ್ತಿದಳು. ಇಳಿದು ಬಂದು ತನ್ನ ಜಾಗದಲ್ಲಿ ಕೂತು, ಚಪ್ಪಾಳೆಗಾಗಿ ಎಲ್ಲರ ಕೈ ನೋಡಿದಳು. ಹೊಡೆಯಬೇಕಾದ ಹೊತ್ತು ಅದೇ ಆಗಿತ್ತು. ಅಣ್ಣಾರಾಯರ ಮುಂದೆ ಭುವನೇಶ್ವರಿಯ ಕೈ ಏಳಲಿಲ್ಲ.

"ನೋಡ್ರಿ, ಆಕೀನೇ ಒಪ್ಕೊಂಡ್ಳು" ಎಂದರು ಅಣ್ಣಾರಾಯರು.

ಸೂಟಿ ಮುಗಿದ ಮೇಲೆ ಗುಲಫಶಾ ಶಾಲೆಗೆ ಬರಲಿಲ್ಲ. ಭುವನೇಶ್ವರಿಯೇ ಗುರುವಾರ ಅವಳ ಮನೆಗೆ ಹೋದಳು. ಮಿಲ್ಲಿನ ಕೆಲಸಕ್ಕೆ ತಡವಾಗಿ ಹೋಗುತ್ತೇನೆಂದು ಹೇಳಿ ಬಂದಿದ್ದ ಶಮ್ಸುನ್ನಿಸಾ ಬಾಗಿಲು ತೆರೆದು ಕೇಳಿದ್ದು ಒಂದೇ ಮಾತು. "ಅವತ್ತ ಆಕಿ ಕೆಂಪು ಒತ್ತದ ಹಸಿರಿನ್ಯಾಗೇ ಇದ್ದಿದ್ರ ಸಾಲ್ಯಾಗ ಇಟ್ಕೋತಿದ್ರೇನ್ರೀ?"

"ಹಂಗಲ್ಲವ್ವ" ಎಂದಳು ಭುವನೇಶ್ವರಿ. ಪುಸ್ತಕ ತೆಗೆದು ಕೂತಳು.

ಚಾಪೆಯ ಮೇಲೆ ಪಾಠ ಶುರುವಾಯಿತು. ಗುಲಫಶಾ ಅಕ್ಷರಗಳ ಮೇಲೆ ಬೆರಳಿಟ್ಟು, ಅತ್ತಿತ್ತ ನೋಡದೆ ಓದುತ್ತಿದ್ದಳು. ಅಷ್ಟರಲ್ಲಿ ಕೊರಳ ಚೀಲ ನಡುಗಿತು. ಅವಳು ಮೊಬೈಲ್ ಹೊರತೆಗೆದಳು. ಪುಸ್ತಕದ ಕಡೆ ನೋಡಲಿಲ್ಲ, ಪರದೆಯ ಕಡೆಯೂ ನೋಡಲಿಲ್ಲ, ಭುವನೇಶ್ವರಿಯ ಮುಖ ನೋಡಿದಳು.

"ಯಾವ್ದು ಒತ್ಲಿರೀ ಟೀಚರ್?"