ಅದು ನಗಾರಿ ಮೇಷ್ಟ್ರ ಕೈಯಲ್ಲ

ಅವರ ಕಿವಿಯ ಹಿಂದೆ ಯಾವಾಗಲೂ ಒಂದಿಷ್ಟು ಕೆಂಪು ಬಣ್ಣ ಉಳಿದಿರುತ್ತಿತ್ತು. ವೀರಭದ್ರನ ವೇಷ ಕಳಚಿ, ಕೊಬ್ಬರಿ ಎಣ್ಣೆ ಹಚ್ಚಿ ಮುಖ ಎಷ್ಟು ಉಜ್ಜಿದರೂ ಅಲ್ಲಿಯದು ಮಾತ್ರ ಹೋಗುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಲಾರಿಯ ಕೆಳಗೆ ಮಲಗಿ ಸುತ್ತಿಗೆ ಹಿಡಿದಾಗ ಆ ಕೆಂಪಿನ ಮೇಲೆ ಗ್ರೀಸು ಮೆತ್ತಿಕೊಳ್ಳುತ್ತಿತ್ತು. ಲಾರಿಯವರಿಗೆ ಅವರು ಟಿಂಕರ್. ನಮಗೆ ನಗಾರಿ ಮೇಷ್ಟ್ರು.

ಇದನ್ನು ಬರೆಯಲು ಕಾರಣ ಒಂದು ಪೋಸ್ಟು. ಎಂಬತ್ತರ ದಶಕದ ನಮ್ಮ ಕ್ಯಾಸೆಟ್ಟನ್ನು ಯಾರೋ ಪುಣ್ಯಾತ್ಮರು ಹುಡುಕಿ ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಕೆಳಗೆ ಸಾಲುಗಟ್ಟಿ ಕಾಮೆಂಟುಗಳು. 'ಮೇಷ್ಟ್ರ ಕೈಯ ಗತ್ತು ನೋಡಿ.' 'ಈಗಿನವರು ಹೀಗೆ ಬಾರಿಸಲಿ ನೋಡೋಣ.' ಓದಿ ಮೈ ಉರಿಯಿತು. ಸ್ವಾಮಿ, ಆ ಕ್ಯಾಸೆಟ್ಟಿನಲ್ಲಿ ಮೇಷ್ಟ್ರ ಕೈ ಇಲ್ಲ. ಒಂದು ಏಟೂ ಇಲ್ಲ. ಅದರಲ್ಲಿರುವುದು ನನ್ನ ತೋರುಬೆರಳು.

ಎಪ್ಪತ್ತರ ದಶಕದಲ್ಲಿ ಅವರದು ಬರೀ ಮದುವೆ ಬ್ಯಾಂಡು. ಎರಡು ಕ್ಲಾರಿನೆಟ್, ಒಂದು ಟ್ರಂಪೆಟ್, ತಾಳ, ಮೇಷ್ಟ್ರ ನಗಾರಿ. ಆ ನಗಾರಿಯ ಹೊಟ್ಟೆ ಹಳೇ ಲಾರಿಯ ಡೀಸೆಲ್ ಟ್ಯಾಂಕಿನದು. ತಾವೇ ಕತ್ತರಿಸಿ, ಬಡಿದು ದುಂಡಗೆ ಮಾಡಿ, ಬಾಯಿಗೆ ಎಮ್ಮೆ ಚರ್ಮ ಬಿಗಿದಿದ್ದರು. ಕಬ್ಬಿಣದ ಒಳಗಿಂದ ಹೊರಡುವ ಸದ್ದು ಅದು. ಎದೆಗೂಡಿಗೆ ಮೊದಲು ತಾಗಿ, ಆಮೇಲೆ ಕಿವಿಗೆ ಬರುತ್ತಿತ್ತು.

ಒಂದು ದಿನ ಮೇಷ್ಟ್ರಿಗೆ ಮದುವೆ ಸಾಕಾಯಿತು. 'ಗಂಡಿನ ಮುಂದೆ ನಡುದು ನಡುದು ಕಾಲ್ ಸವೆದೋಯ್ತು ಕಣ್ರಪ್ಪ, ಇನ್ಮೇಲೆ ಜನ ನನ್ ಮುಂದೆ ನಿಂತ್ಕಳ್ಳಿ' ಎಂದು ವೇದಿಕೆ ಹತ್ತಿದರು. ಮುಖಕ್ಕೆ ಕೆಂಪು, ಕಣ್ಣಿನ ಸುತ್ತ ಕಪ್ಪು, ಹೆಗಲಿಗೆ ಕೂದಲು, ಎರಡು ಕಡೆ ಪಂಜು. ವೀರಭದ್ರನೇ ಬಂದು ನಗಾರಿ ಬಡಿದ ಹಾಗೆ. ಹಾಡುಗಳೂ ಬದಲಾದವು. ಸಿನಿಮಾ ಹಾಡು ಹೋಗಿ ದಕ್ಷನ ಯಾಗ, ತಲೆ ಕಡಿಯುವುದು, ಬೂದಿ ಹಾರುವುದು ಬಂತು. ಕೆಂಕೆರೆಯಲ್ಲಿ ಒಬ್ಬ ಹಿರಿಯರು ಅಡ್ಡ ನಿಂತರು. 'ದೇವ್ರ ವೇಷ ಹಾಕ್ಕಂಡು ಇದೇನಯ್ಯ ಗಲಾಟೆ?'

'ದೇವ್ರಿಗೆ ಕಿವಿ ಮಂದ ಆಗೈತೆ ಕಣ್ರೀ. ನೀವು ಮೆತ್ತಗೆ ಕೇಳ್ಕಂಡ್ರಲ್ಲ, ಏನಾರ ಕೊಟ್ನಾ?' ಎಂದರು ಮೇಷ್ಟ್ರು. ಹಿರಿಯರು ನಕ್ಕು ಮುಂದಿನ ಸಾಲಿನಲ್ಲೇ ಕುಳಿತರು.

ಎಲ್ಲಿಗೆ ಹೋದರೂ ಅವರ ಜೊತೆ ಒಂದು ಗೋಣಿಚೀಲ ತೆಂಗಿನ ಚಿಪ್ಪು ಬರುತ್ತಿತ್ತು. ಚರ್ಮ ತಣ್ಣಗಿದ್ದರೆ ಸಡಿಲ, ಸಡಿಲವಿದ್ದರೆ ಸದ್ದಿಲ್ಲ. ಅದಕ್ಕೆ ಪ್ರತಿ ಕಾರ್ಯಕ್ರಮಕ್ಕೂ ಮೊದಲು ಕಬ್ಬಿಣದ ಬಾಣಲೆಯಲ್ಲಿ ಚಿಪ್ಪು ಉರಿಸಿ, ಹೊಗೆಯೆಲ್ಲ ಹೋಗಿ ಕೆಂಡ ಉಳಿದ ಮೇಲೆ ನಗಾರಿಯನ್ನು ವಾಲಿಸಿ ಹಿಡಿಯುತ್ತಿದ್ದರು. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. 'ಕಾಯ್ಬೇಕು ಕಣ್ಲಾ, ಬೇಯ್ಬಾರ್ದು' ಅನ್ನುತ್ತಿದ್ದರು. ಕಾದಿದೆಯೋ ಇಲ್ಲವೋ ತಿಳಿಯಲು ಬಣ್ಣ ಹಚ್ಚಿದ ಕೆನ್ನೆಯನ್ನೇ ಚರ್ಮಕ್ಕೆ ಆನಿಸುತ್ತಿದ್ದರು. ವರ್ಷಗಟ್ಟಲೆ ಆನಿಸಿ ಆನಿಸಿ ಚರ್ಮದ ಅಂಚಿನಲ್ಲಿ ಕೆನ್ನೆಯಷ್ಟಗಲದ ಒಂದು ಕೆಂಪು ಕಲೆ ಕೂತಿತ್ತು.

ಮೊದಲನೇ ಕ್ಯಾಸೆಟ್ ಕಂಪನಿ ತಿಪಟೂರಿನದು. ಕಂಪನಿ ಎಂದರೆ ಒಂದು ಅಂಗಡಿ, ಅದರೊಳಗೆ ಒಂದು ಟೇಪ್ ರೆಕಾರ್ಡರ್. ಕೊಬ್ಬರಿ ವ್ಯಾಪಾರಿಯೊಬ್ಬರ ಅಟ್ಟದಲ್ಲಿ, ಕಾಯಿ ರಾಶಿಯ ನಡುವೆ ಕೂತು ರೆಕಾರ್ಡ್ ಮಾಡಿದ್ದರಂತೆ. ಅದನ್ನು ನಾನು ಕೇಳಿದ್ದೇನೆ. ಹೋಟೆಲಿನಲ್ಲಿ ಹಾಕಿದರೆ ಮೇಜಿನ ಮೇಲಿನ ಲೋಟ ಜರುಗುತ್ತಿತ್ತು. ಆಮೇಲೆ ಆ ಅಂಗಡಿಯವರು ಅದೇ ಮೂಲ ಟೇಪಿನ ಮೇಲೆ ಹೊಸ ಸಿನಿಮಾ ಹಾಡು ತುಂಬಿಬಿಟ್ಟರು. ಕೇಳಿದ್ದಕ್ಕೆ, 'ಖಾಲಿ ಟೇಪು ಸಿಗ್ನಿಲ್ಲ ಕಣಪ್ಪ. ನಿಮ್ದೇನು, ಇನ್ನೊಂದ್ ಸಲ ಬಾರ್ಸುದ್ರೆ ಆಯ್ತು ಬುಡು' ಅಂದರಂತೆ. ಊರೂರಿನ ಪ್ರತಿಗಳು ಸುತ್ತಿಕೊಂಡು, ಹರಿದು, ಬೂಷ್ಟು ಹಿಡಿದು ಹೋದವು. ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ, ಒಂದೂ ಸಿಕ್ಕಿಲ್ಲ.

ಅಷ್ಟರಲ್ಲಿ ಸೆಟ್ಟೂ ಚದುರಿತು. ಒಬ್ಬ ಕ್ಲಾರಿನೆಟ್ಟಿನವರು ಅರಸೀಕೆರೆಯ ಬ್ಯಾಂಡಿಗೆ ಹೋದರು. ಇನ್ನೊಬ್ಬರ ಮುಂದಿನ ಹಲ್ಲು ಬಿದ್ದವು. ಟ್ರಂಪೆಟ್ಟಿನವರಿಗೆ ಸರ್ಕಾರಿ ಕೆಲಸ ಸಿಕ್ಕಿತು. ಆಗ ಮೇಷ್ಟ್ರು ತುರುವೇಕೆರೆಗೆ, ನಮ್ಮ ಮನೆಗೆ ಬಂದರು. ನಾನು ಪಿಯುಸಿ ಮುಗಿಸಿ, ಮಾವ ತಂದುಕೊಟ್ಟ ಕೀಬೋರ್ಡ್ ನುಡಿಸಿಕೊಂಡಿದ್ದೆ.

'ಊದೋರು ಯಾರೂ ಉಳೀಲಿಲ್ಲ ಕಣ್ಲಾ. ಕರೆಂಟಿನೋನಾದ್ರೂ ಬಾ' ಎಂದರು.

ಎರಡು ವರ್ಷ ಅವರ ಜೊತೆ ಊರೂರು ಸುತ್ತಿದೆ. ನಾನು ತಾಳ ತಪ್ಪಿದರೆ ಅವರು ನಿಲ್ಲಿಸುತ್ತಿರಲಿಲ್ಲ. ನನ್ನ ತಪ್ಪನ್ನೇ ಹಿಡಿದುಕೊಂಡು ಇನ್ನೊಂದು ಸುತ್ತು ಬಾರಿಸಿ, ಬೇಕಂತಲೇ ಮಾಡಿದ ಹಾಗೆ ತೋರಿಸುತ್ತಿದ್ದರು. ಸಾವಿರ ಜನರ ಎದುರು ನನ್ನ ಮಾನ ಎಷ್ಟು ಸಲ ಉಳಿಸಿದರೋ ಲೆಕ್ಕವಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ಬೆಂಗಳೂರಿನ ಒಂದು ಕಂಪನಿ ನಮ್ಮನ್ನು ಕರೆಯಿತು. ಮೇಷ್ಟ್ರು ಅಂಗಿಗೆ ಇಸ್ತ್ರಿ ಹಾಕಿಸಿದರು. ಬಸ್ಸಿನಲ್ಲಿ ನಗಾರಿ ತೊಡೆಯ ಮೇಲೆ, ಚಿಪ್ಪಿನ ಚೀಲ ಕಾಲ ಕೆಳಗೆ. 'ತಿಪಟೂರ್ನೋರು ಅಳಿಸ್ಬುಟ್ರು. ಇದು ಬೆಂಗ್ಳೂರು ಕಂಪನಿ, ಅಳಿಸಾಕಿಲ್ಲ. ನಾನ್ ಹೋದ್ಮೇಲೂ ಈ ಸದ್ದು ಇರ್ತದೆ' ಎಂದರು. ಚೀಲವನ್ನು ಕಾಲಿನಿಂದ ಒಳಕ್ಕೆ ಸರಿಸಿ, 'ಅಲ್ಲೋರ್ ತಾವ ನಂಗ್ ಮಾತು ಬರಾಕಿಲ್ಲ ಕಣ್ಲಾ. ನೀನು ಓದಿರೋನು. ಮಾತಾಡು ಅಂತ್ಲೇ ನಿನ್ನ ಕರ್ಕಂಡ್ ಬಂದಿವ್ನಿ' ಎಂದರು.

ಸ್ಟುಡಿಯೋ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟು ಕೈಮುಗಿದರು. ವೇದಿಕೆಯ ಮೇಲೆ ಬೆಂಕಿ ಉಗುಳುವ ಮನುಷ್ಯ. ಒಳಗೆ ಏಸಿ, ನೆಲಕ್ಕೆಲ್ಲ ಕಾರ್ಪೆಟ್ಟು. ರೆಕಾರ್ಡಿಂಗ್ ಮಾಡುವವನಿಗೆ ನನಗಿಂತ ಐದಾರು ವರ್ಷ ಹೆಚ್ಚಿರಬಹುದು.

'ಚೀಲದಲ್ಲಿ ಏನ್ರೀ ಅದು?'

'ಚಿಪ್ಪು ಸ್ವಾಮಿ. ಚರ್ಮ ಕಾಯ್ಸಕ್ಕೆ.'

'ಇಲ್ಲಿ ಬೆಂಕಿ ಹಾಕ್ತೀರಾ? ತಲೆ ಸರಿ ಇದೆಯಾ? ಹಂಗೇ ಬಾರಿಸ್ರಿ.'

ಬಾರಿಸಿದರು. ಆ ಚಳಿಗೆ ಚರ್ಮ ಜೋತುಬಿದ್ದಿತ್ತು. ಒದ್ದೆ ಗೋಣಿಗೆ ಬಡಿದ ಹಾಗೆ ದಬ್ ಅಂತು. ಮತ್ತೆ ಬಾರಿಸಿದರು, ದಬ್. ಗಾಜಿನ ಆಚೆ ಇಬ್ಬರು ನಕ್ಕಿದ್ದು ನನಗೆ ಕಾಣಿಸಿತು. ರೆಕಾರ್ಡಿಂಗಿನವನು ನನ್ನ ಕಡೆ ತಿರುಗಿ, 'ನಿಮ್ ಕೀಬೋರ್ಡಲ್ಲಿ ರಿದಮ್ ಇದೆಯಲ್ಲ, ಅದನ್ನೇ ಹಾಕಿ. ಮುಗಿಸೋಣ' ಎಂದ.

ಮೇಷ್ಟ್ರು ನನ್ನ ಮುಖ ನೋಡಿದರು.

ಈಗ ಕೇಳಿ. ಆ ಸ್ಟುಡಿಯೋದ ಹಿಂದೆ ಒಂದು ಅಂಗಳವಿತ್ತು. ನಾನು ಕೈ ತೊಳೆಯಲು ಹೋದಾಗ ನೋಡಿದ್ದೆ. ವಾಚ್‌ಮನ್ ಅಲ್ಲಿ ಸ್ಟವ್ ಹಚ್ಚಿ ಟೀ ಕಾಯಿಸುತ್ತಿದ್ದ. ಹತ್ತು ಹೆಜ್ಜೆ. ಅಲ್ಲಿ ಕೆಂಡ ಮಾಡಿ, ಚರ್ಮ ಕಾಯಿಸಿ, ಓಡಿಬಂದು ಬಾರಿಸಬಹುದಿತ್ತು. ತಣ್ಣಗಾದರೆ ಮತ್ತೆ ಹೋಗಬಹುದಿತ್ತು. 'ಅರ್ಧ ಗಂಟೆ ಕೊಡಿ ಸಾರ್' ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಅನ್ನಲಿಲ್ಲ. ಹೆದರಿಕೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಪೂರ್ತಿ ಕ್ಯಾಸೆಟ್ಟಿನಲ್ಲಿ ನನ್ನ ಕೀಬೋರ್ಡೇ ಕೇಳಿಸುತ್ತದೆ ಅನ್ನುವ ಆಸೆ ಅದು.

ಗುಂಡಿ ಒತ್ತಿದೆ. ಟಕ್ ಟಕ್ ಟಕ್ ಟಕ್ ಎಂದು ಶುರುವಾಯಿತು. ಎಂಟೂ ಹಾಡಿಗೆ ಅದೇ. ಮೇಷ್ಟ್ರು ಮೂಲೆಯಲ್ಲಿ ನಿಂತು ನಗಾರಿಯ ಮೇಲೆ ಟವೆಲ್ ಹೊದಿಸಿದರು.

ವಾಪಸು ಬರುವಾಗ ಗುಬ್ಬಿ ದಾಟುವ ತನಕ ಅವರು ಚಿಪ್ಪಿನ ಚೀಲದ ಬಾಯಿ ಬಿಚ್ಚುತ್ತ ಕಟ್ಟುತ್ತ ಕೂತಿದ್ದರು. ಆಮೇಲೆ, 'ಕಾಯಿ ಬೆಳೆಯೋರ್ಗಾದ್ರೆ ಚಿಪ್ಪು ಅಂದ್ರೆ ಅರ್ಥ ಆಗೋದು. ಅವ್ರಿಗೆಲ್ಲಿ ಗೊತ್ತಾಯ್ತದೆ ಬುಡು' ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಇವತ್ತು ಇಷ್ಟು ಉರಿಯುತ್ತಿರಲಿಲ್ಲವೇನೋ.

ಕ್ಯಾಸೆಟ್ ಓಡಿತು. ಅದೇ ಕೇಡಾಯಿತು. ದಬ್ಬೇಘಟ್ಟದಲ್ಲಿ ಮೇಷ್ಟ್ರು ಕೆಂಡದಲ್ಲಿ ಕಾಯಿಸಿ ಎರಡು ಏಟು ಬಾರಿಸುವಷ್ಟರಲ್ಲಿ ಹುಡುಗರು ಕೂಗಿದರು. 'ಲೇ, ಕ್ಯಾಸೆಟ್ನಾಗೆ ಹಿಂಗಿಲ್ಲ ಕಣ್ಲಾ! ಅದುನ್ನ ಹಾಕ್ರುಲಾ!' ಮೇಷ್ಟ್ರು ನನಗೆ ಕಣ್ಸನ್ನೆ ಮಾಡಿದರು. ನಾನು ಮತ್ತೆ ಗುಂಡಿ ಒತ್ತಿದೆ. ವೀರಭದ್ರ ಕೈ ಖಾಲಿ ಬಿಟ್ಟುಕೊಂಡು ಕುಣಿದ. ಅದಾದ ಮೇಲೆ ಅವರು ಚಿಪ್ಪಿನ ಚೀಲ ತರುವುದನ್ನೇ ಬಿಟ್ಟರು. ಒಂದು ವರ್ಷದೊಳಗೆ ವೇಷವನ್ನೂ ಬಿಟ್ಟರು. ಕಿವಿಯ ಹಿಂದಿನ ಕೆಂಪು ಹೋಗಿ ಬರೀ ಗ್ರೀಸು ಉಳಿಯಿತು.

ಅವರು ತೀರಿಕೊಂಡಾಗ ನಾನು ಹೋಗುವಷ್ಟರಲ್ಲಿ ಬಾಗಿಲಲ್ಲಿ ಟೇಪ್ ರೆಕಾರ್ಡರ್ ಇಟ್ಟು ಅದೇ ಕ್ಯಾಸೆಟ್ ಹಾಕಿದ್ದರು. ಟಕ್ ಟಕ್ ಟಕ್ ಟಕ್. ವೈರು ಕಿತ್ತೆ. ಅವರ ಹೆಂಡತಿ, ನಾವೆಲ್ಲ ಅಕ್ಕ ಅನ್ನುತ್ತಿದ್ದೆವು, ಒಳಗಿಂದ ನಗಾರಿ ತಂದು ನನ್ನ ಮುಂದಿಟ್ಟರು. 'ನೀನಾರ ಬಾರ್ಸಪ್ಪ. ಎತ್ತೋ ಮುಂಚೆ ಒಂದ್ಸಲ ಕೇಳಿಸ್ಕಳ್ಳಿ.'

ಚಿಪ್ಪು ಉರಿಸಿದೆ. ಜನ ಕಾಯುತ್ತಿದ್ದರು, ಎತ್ತುವವರು ಅವಸರ ಮಾಡುತ್ತಿದ್ದರು. ಕೆಂಡವಾಗುವ ಮೊದಲೇ, ಇನ್ನೂ ಉರಿ ಇರುವಾಗಲೇ, ನಗಾರಿಯನ್ನು ವಾಲಿಸಿ ಹಿಡಿದೆ. ಕೆನ್ನೆ ಆನಿಸಿ ನೋಡಲಿಲ್ಲ. ಇದ್ದಕ್ಕಿದ್ದ ಹಾಗೆ ಕೈಯೊಳಗೇ ಪಟ್ಟೆಂದು ಸಿಡಿಯಿತು. ಚರ್ಮ ಅಂಚಿನಿಂದ ಅಂಚಿಗೆ, ಆ ಕೆಂಪು ಕಲೆಯ ಮೇಲೇ, ಸೀಳಿಕೊಂಡಿತು. ಮೇಷ್ಟ್ರಿಗೆ ನಾನು ಕೇಳಿಸಿದ್ದು ಅದೊಂದೇ ಸದ್ದು.

'ಬುಡಪ್ಪ' ಎಂದು ಅಕ್ಕ ಒಳಗೆ ಹೋದರು.

ಆ ನಗಾರಿ ನಮ್ಮ ಮನೆಯಲ್ಲಿದೆ. ಚರ್ಮ ಬದಲಾಯಿಸಿಲ್ಲ, ಬದಲಾಯಿಸುವುದೂ ಇಲ್ಲ. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ತಿಪಟೂರಿನ ಆ ಹಳೇ ಕ್ಯಾಸೆಟ್ ಬಿದ್ದಿದ್ದರೆ, ಬೂಷ್ಟು ಹಿಡಿದಿದ್ದರೂ ಸರಿ, ತಿಳಿಸಿ. ನಾನೇ ಬಂದು ಒಯ್ಯುತ್ತೇನೆ. ಅಲ್ಲಿಯ ತನಕ ಆ ಪೋಸ್ಟಿನ ಕೆಳಗೆ ಅವರ ಕೈಯನ್ನು ಹೊಗಳಬೇಡಿ. ಅವರ ಕೈಯನ್ನು ನೀವು ಕೇಳೇ ಇಲ್ಲ. ಮಾತಾಡು ಅಂತಲೇ ನನ್ನನ್ನು ಕರೆದುಕೊಂಡು ಹೋಗಿದ್ದರು. ಈಗ ಮಾತಾಡುತ್ತಿದ್ದೇನೆ.